ಕಿವಿಯಮ್ಮನ ಪಿಂಗಾಣಿ, ಅಪ್ಪನ ಕ್ಲಾರಿನೆಟ್

ನಮ್ಮ ಮನೆಯಲ್ಲಿ ಬಿರುಕುಬಿಟ್ಟ ಬಟ್ಟಲಲ್ಲಿ ಯಾರೂ ಏನನ್ನೂ ತಿಂದದ್ದಿಲ್ಲ. ಅತ್ತೆ ಬಿಟ್ಟರೆ ತಾನೆ? ಪಾತ್ರೆ ತೊಳೆದು ಒರೆಸಿ ಕಪಾಟಿಗೆ ಸೇರಿಸುವ ಮೊದಲು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಾಳೆ. ಟಣ್ ಅಂದರೆ ಕಪಾಟಿಗೆ, ಟಪ್ ಅಂದರೆ ಕಸದ ಬುಟ್ಟಿಗೆ. ಪಕ್ಕದ ಮನೆಯವರು ಕರೆದು ಟೀ ಕೊಟ್ಟರೂ ಮೊದಲು ಕಪ್ಪನ್ನು ತಟ್ಟಿ ನೋಡಿಯೇ ತುಟಿಗಿಡುವುದು. "ಇದು ಇನ್ನೊಂದು ವಾರ ಬಾಳಿದ್ರೆ ಹೆಚ್ಚು, ಹೊಸದು ತಂದಿಟ್ಕೊಳ್ಳಿ" ಎಂದು ಆಕೆ ಹೇಳಿದಾಗಲೆಲ್ಲ ನಾನು ನಾಚಿಕೆಯಿಂದ ಹಿಡಿಯಷ್ಟಾಗಿದ್ದೇನೆ. ವಾರ ತುಂಬುವುದರೊಳಗೆ ಆ ಕಪ್ಪು ಒಡೆದೂ ಇದೆ.

ಅತ್ತೆ ಎಂದರೆ ನನ್ನಪ್ಪನ ಅಕ್ಕ. ಅಪ್ಪನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಯಾಗಲಿಲ್ಲ. ಯಾಕತ್ತೆ ಎಂದು ಕೇಳಿದರೆ, "ಬಂದವರನ್ನೆಲ್ಲ ತಟ್ಟಿ ನೋಡ್ದೆ, ಒಬ್ಬನೂ ಟಣ್ ಅನ್ನಲಿಲ್ಲ" ಅನ್ನುತ್ತಾಳೆ. ಅಮ್ಮ ತೀರಿಕೊಂಡ ಮೇಲೆ ನಮ್ಮ ಮೂರು ಕೋಣೆಯ ಮನೆಗೆ ಬಂದು ಅಡುಗೆಮನೆಯ ಪಕ್ಕದ ಕೋಣೆ ಹಿಡಿದವಳು ಇಂದಿಗೂ ಅಲ್ಲೇ ಇದ್ದಾಳೆ.

ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಆಕೆ ಮಾಡಿದ್ದು ಇದೇ ಕೆಲಸ. ಭಟ್ಟಿಯಲ್ಲಿ ಬೆಂದು ಆರಿದ ಸಾಮಾನು ಗಾಲಿಯ ಹಲಗೆಯ ಮೇಲೆ ಆಕೆಯ ಮೇಜಿಗೆ ಬರುತ್ತಿತ್ತು. ಕಪ್ಪು, ಬಟ್ಟಲು, ಕರೆಂಟು ಕಂಬದ ಬಿಳಿ ಗುಬುಟುಗಳು, ಫ್ಲಶ್ ಟ್ಯಾಂಕಿನ ಮುಚ್ಚಳ, ಎಲ್ಲ. ಬಲಗೈಯಲ್ಲಿ ತುದಿಗೆ ರಬ್ಬರು ಸುತ್ತಿದ ಮರದ ಕಡ್ಡಿ. ಒಂದು ಸಲ ತಟ್ಟುವುದು, ಕೇಳುವುದು, ದಾಟಿಸುವುದು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಸಿಕ್ಕ ಕೂಡಲೇ ಅದನ್ನು ಎಡಗಡೆಯ ತಗಡಿನ ಡಬ್ಬಕ್ಕೆ ಬೀಸಿ ಎಸೆಯಬೇಕು. ಮೇಜಿನ ಮೇಲೆ ಇಡುವ ಹಾಗೇ ಇಲ್ಲ. ಇಟ್ಟರೆ ಒಳ್ಳೆಯದರ ಜೊತೆ ಮತ್ತೆ ಬೆರೆತುಹೋಗುತ್ತದೆ ಎಂಬುದು ಅಲ್ಲಿನ ಕಟ್ಟುನಿಟ್ಟು. ದಿನಕ್ಕೆ ಎರಡು ಸಾವಿರ ಸಾಮಾನು. ಕೊನೆಕೊನೆಗೆ ಬಿರುಕಿನ ಸದ್ದು ತಲೆಗೆ ತಲುಪುವ ಮುಂಚೆಯೇ ಎಡಗೈ ಎಸೆದಾಗಿರುತ್ತಿತ್ತಂತೆ. ಕಾರ್ಖಾನೆಯವರೆಲ್ಲ ಆಕೆಯನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು.

ಆಮೇಲೆ ಕಿವಿಯಮ್ಮನ ಜಾಗಕ್ಕೆ ಒಂದು ಯಂತ್ರ ಬಂತು. ಹೊರಡುವ ದಿನ ಮೇನೇಜರು, ಗೋದಾಮಿನ ಮೂಲೆಯ ರಾಶಿಯಲ್ಲಿ ಬೇಕಾದ್ದು ತಗೊಂಡು ಹೋಗಿ ಅಂದರು. ಅದು ಬಣ್ಣ ಕೆಟ್ಟ, ಸೊಟ್ಟಗಾದ, ಅಂಗಡಿಗೆ ಹೋಗದ ಮಾಲಿನ ರಾಶಿ. ಅತ್ತೆ ಅರ್ಧ ದಿನ ಕೂತು ತಟ್ಟಿ ಇಪ್ಪತ್ತಮೂರು ಸಾಮಾನು ಆರಿಸಿ ತಂದಳು. ರೂಪ ನೋಡಿದರೆ ದೇವರಿಗೇ ಪ್ರೀತಿ, ದನಿ ಮಾತ್ರ ಬೆಣ್ಣೆ. ಅದರಲ್ಲಿ ಹಿಡಿಕೆಯಿಲ್ಲದ ಒಂದು ನೀಲಿ ಕಪ್ಪಿತ್ತು. ಅದನ್ನು ತಟ್ಟಿದರೆ ಸದ್ದು ಕೋಣೆಯ ಆ ಗೋಡೆ ಮುಟ್ಟಿ ಬಂದು ಮತ್ತೆ ಕಪ್ಪಿನೊಳಗೇ ಕೂರುತ್ತದೆ ಅನ್ನಿಸುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಇನ್ನು ನನ್ನಪ್ಪ. ಪೊಲೀಸ್ ಬ್ಯಾಂಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಎರಡನೇ ಸಾಲಿನ ಕ್ಲಾರಿನೆಟ್ ಊದಿದವನು. ಮೊದಲ ಸಾಲಿನವರು ಹಾಡಿನ ದಾರಿ ಹಿಡಿದು ಮೆರೆಯುತ್ತಾರೆ, ಎರಡನೇ ಸಾಲಿನವರು ಅದರ ಕೆಳಗೆ ನಿಂತು ಭಾರ ಹೊರುತ್ತಾರೆ. ಆ ಬ್ಯಾಂಡಿನದು ಮೂರು ರೆಕಾರ್ಡುಗಳು ಬಂದಿವೆ. ಮೂರೂ ನಮ್ಮ ಮನೆಯಲ್ಲಿವೆ. ಅಪ್ಪ ರೆಕಾರ್ಡು ಹಾಕಿ ಪೆಟ್ಟಿಗೆಗೆ ಕಿವಿ ಅಂಟಿಸಿ, "ಇಗೋ, ಇಲ್ಲಿ... ಇದು ನಾನು!" ಎನ್ನುತ್ತಿದ್ದ. ನಾನೂ ಅಮ್ಮನೂ ಹೌದೌದು ಎಂದು ತಲೆಯಾಡಿಸುತ್ತಿದ್ದೆವು. ಆಮೇಲೆ ಬಂದ ಅತ್ತೆಗೆ ಮಾತ್ರ ಹಾಗೆಲ್ಲ ತಲೆಯಾಡಿಸಿ ಗೊತ್ತಿಲ್ಲ. "ಇಲ್ಲ ಕಣೋ, ನನಗೆ ನೀನು ಕೇಳಿಸಲಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳುವಳು. ಅಪ್ಪ ಎರಡು ದಿನ ಮಾತು ಬಿಡುವನು.

ಹೀಗಿರುವಾಗ ಅಪ್ಪನ ಮೇಲಿನ ಸಾಲಿನ ನಾಲ್ಕು ಮುಂಹಲ್ಲುಗಳು ಅಲುಗಾಡಲು ಶುರುವಾದವು. ವಸಡು ಕೊಳೆತಿದೆ, ತೆಗೆಯಲೇಬೇಕು ಎಂದರು ಹಲ್ಲಿನ ಡಾಕ್ಟರು. ಕ್ಲಾರಿನೆಟ್ಟಿನ ತುದಿಯನ್ನು ಮೇಲಿನ ಹಲ್ಲುಗಳು ಒತ್ತಿ ಹಿಡಿಯಬೇಕು; ಆ ಹಿಡಿತ ಹೋದರೆ ದನಿ ಹೋದಂತೆ. ಕಟ್ಟಿಸಿದ ಹಲ್ಲಲ್ಲಿ ಊದಬಹುದೇ ಎಂದು ಕೇಳಿದರೆ, "ಊದೋರೂ ಇದ್ದಾರೆ, ಆಗದೆ ಬಿಟ್ಟೋರೂ ಇದ್ದಾರೆ, ನೋಡೋಣ" ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಮೂರು ವಾರದಾಚೆಯ ಒಂದು ಮಂಗಳವಾರ ಗೊತ್ತಾಯಿತು.

ಅವತ್ತು ಮನೆಗೆ ಬಂದ ಅಪ್ಪ ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. ಆಮೇಲೆ, "ಹಲ್ಲು ಹೋಗೋದ್ರೊಳಗೆ ಒಂದಾದ್ರೂ ರೆಕಾರ್ಡು ಮಾಡ್ಬೇಕು. ಹಾಕಿದ್ರೆ ನಾನು ಕೇಳಿಸ್ಬೇಕು. ಅಷ್ಟೇ ಸಾಕು" ಎಂದ.

"ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಹಲ್ಲೇ ಹೊರಟು ನಿಂತಾಗ ಕಡಲೆ ಹುಡುಕ್ತಾ ಇದ್ದೀಯ" ಎಂದಳು ಅತ್ತೆ. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ.

ಕಡಲೆ ಸಿಕ್ಕಿದ್ದು ನನ್ನ ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ದಪ್ಪ ಕನ್ನಡಕದ ಒಬ್ಬ ರೆಕಾರ್ಡಿಂಗಿನವನಿದ್ದ. ಹೊಟ್ಟೆಪಾಡಿಗೆ ಅಂಗಡಿಗಳ ಜಾಹೀರಾತು ಧ್ವನಿಮುದ್ರಿಸುತ್ತಾನೆ. ಆದರೆ ಅವನ ಹುಚ್ಚೇ ಬೇರೆ. ಇಬ್ಬರನ್ನು ಎದುರುಬದುರು ಕೂರಿಸಿ, ಕಾಗದವಿಲ್ಲದೆ, ರಾಗ ತಾಳ ಏನನ್ನೂ ಮುಂಚೆ ಗೊತ್ತುಮಾಡಿಕೊಳ್ಳದೆ, ಮಾತಿಗೆ ಮಾತು ಬೆಳೆಯುವಂತೆ ನುಡಿಸಲು ಬಿಟ್ಟು ಅದನ್ನು ಹಿಡಿದಿಡುವುದು. "ಮಾತು ಹೋಗಿ ಜಗಳ ಆದ್ರೆ?" ಎಂದೆ. "ಆದ್ರೆ ಅದೂ ರೆಕಾರ್ಡಾಗ್ತದೆ ಮೇಡಂ" ಎಂದ. ಹಲ್ಲಿನ ಕಥೆ ಹೇಳಿದೆ. ಮರುದಿನವೇ ಮನೆಗೆ ಬಂದ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಾಡುಗಳ ಕಾಗದದ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜೊತೆಗೆ ಯಾರು ನುಡಿಸುವುದೆಂದು ಮಾತು ನಡೆದಿತ್ತು. ಒಬ್ಬ ಕೀಬೋರ್ಡಿನವನು ಸಿಗಬಹುದು ಎಂದು ಅಪ್ಪ ಹೇಳುತ್ತಾ, ಮಾತಿನ ನಡುವೆ ತುದಿಯ ಜೊಂಡಿನ ಪಟ್ಟಿ, ಅಂದರೆ ರೀಡು, ಒದ್ದೆ ಮಾಡಲು ಕ್ಲಾರಿನೆಟ್ಟನ್ನು ಬಾಯಿಗಿಟ್ಟು ಸುಮ್ಮನೆ ಒಂದು ಸ್ವರ ಬಿಟ್ಟ. ಅಡುಗೆಮನೆಯಿಂದ ಟಣ್ ಎಂದಿತು. ಅತ್ತೆ ಪಾತ್ರೆ ಒರೆಸುತ್ತಿದ್ದಳು. ಅಪ್ಪ ಅದೇ ಸ್ವರವನ್ನು ಹಿಡಿದು ಸ್ವಲ್ಪ ಜಗ್ಗಿದ. ಒಳಗಿಂದ ಎರಡು ಬಟ್ಟಲು, ಒಂದು ತಟ್ಟೆ. ಇಬ್ಬರಿಗೂ ತಾವೇನು ಮಾಡುತ್ತಿದ್ದೇವೆಂಬ ಗ್ಯಾನವಿರಲಿಲ್ಲ. ದಿನವೂ ನಡೆಯುವುದೇ ಅದು, ನಾನು ಒಂದು ದಿನವೂ ಕಿವಿಗೊಟ್ಟವಳಲ್ಲ. ರೆಕಾರ್ಡಿಂಗಿನವನು ಕನ್ನಡಕ ತೆಗೆದು ಒರೆಸಿಕೊಂಡು, "ಒಳಗಿರೋದು ಯಾರು?" ಎಂದ.

"ನಮ್ಮಕ್ಕ. ಪಾತ್ರೆ ತೊಳೀತಿದ್ದಾಳೆ."

"ಅವರೇ ಬೇಕು."

ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಜೀವಮಾನಕ್ಕೆ ಒಂದು ರೆಕಾರ್ಡು, ಅದೂ ಪಾತ್ರೆಯ ಜೊತೆಗೆ! ಅತ್ತೆಯೂ ಒಪ್ಪಲಿಲ್ಲ. "ನನಗೆ ಸಂಗೀತದ ಗಂಧಗಾಳಿ ಇಲ್ಲಪ್ಪ. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು, ಅಷ್ಟು ಗೊತ್ತು" ಎಂದಳು. ಮೂರು ದಿನ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಕೀಬೋರ್ಡಿನವನು ತನಗೆ ಬಿಡುವಿಲ್ಲ ಎಂದು ಹೇಳಿ ಕಳಿಸಿದ. ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ತಲೆ ತಗ್ಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಬಾ ಅಕ್ಕ. ಇನ್ಯಾರಿದ್ದಾರೆ ನನಗೆ?"

ಅತ್ತೆ ಕೈ ಒರೆಸಿಕೊಂಡು, "ಇದನ್ನ ಮೊದಲೇ ಹೇಳೋಕೆ ನಿನಗೇನು ದಾಡಿ?" ಎಂದಳು.

ಮಂಗಳವಾರಕ್ಕೆ ಎರಡು ದಿನ ಮುಂಚೆ, ಭಾನುವಾರ, ಹತ್ತು ಗಂಟೆಗೆ ರೆಕಾರ್ಡಿಂಗು. ಇಪ್ಪತ್ತಮೂರು ಸಾಮಾನನ್ನೂ ಹಳೆಯ ಸೀರೆಗಳಲ್ಲಿ ಸುತ್ತಿ ಎರಡು ಪೆಟ್ಟಿಗೆಯಲ್ಲಿ ತುಂಬಿ ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಫ್ಲಶ್ ಟ್ಯಾಂಕಿನ ಮುಚ್ಚಳದ ಮೇಲೆ ಜಗಳ. ಅದರ ದನಿ ದೊಡ್ಡ ಗಂಟೆಯಂತೆ ಗಂಭೀರ. "ನನ್ನ ಕ್ಲಾರಿನೆಟ್ಟಿನ ಪಕ್ಕ ಕಕ್ಕಸಿನ ಸಾಮಾನು ಬರಕೂಡದು" ಎಂದು ಅಪ್ಪ. "ಅದಿನ್ನೂ ಕಕ್ಕಸು ನೋಡೇ ಇಲ್ಲ ಕಣೋ, ಕನ್ಯೆ" ಎಂದು ಅತ್ತೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನು ಕಿಟಕಿಯಾಚೆ ನೋಡತೊಡಗಿದೆ.

ರೆಕಾರ್ಡಿಂಗಿನ ಕೋಣೆ ಒಂದು ಹಾಸಿಗೆ ಅಂಗಡಿಯ ಹಿಂದಿತ್ತು. ಭಾನುವಾರ ಹತ್ತಿಯ ಯಂತ್ರ ಓಡುವುದಿಲ್ಲ. ನಾಲ್ಕೂ ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಒಳಗೆ ಮಾತಾಡಿದರೆ ಮಾತು ಅಲ್ಲೇ ಸಾಯುತ್ತಿತ್ತು. ಫ್ಯಾನು ಹಾಕುವ ಹಾಗಿಲ್ಲ. ಅತ್ತೆ ಮೇಜಿನ ಮೇಲೆ ಟವೆಲ್ಲು ಹಾಸಿ ಸಾಮಾನು ಜೋಡಿಸಿ ಕೂತಳು. ಒಂದು ನಿಮಿಷ ಆ ಕಡೆ ಈ ಕಡೆ ಮಿಸುಕಾಡಿದಳು. ಆಮೇಲೆ, "ಏನಪ್ಪ, ಎಡಗಡೆ ಒಂದು ಡಬ್ಬ ಏನಾದ್ರೂ ಇಡ್ತೀಯಾ? ಇಲ್ದಿದ್ರೆ ನನಗೆ ಕೈ ಓಡಲ್ಲ" ಎಂದಳು. ಅವನು ಖಾಲಿ ಪೇಂಟಿನ ಡಬ್ಬ ಹುಡುಕಿ ತಂದಿಟ್ಟ.

ಮೊದಲ ಸಲ ನುಡಿಸಿದ್ದು ಕೆಟ್ಟಿತು. ಕಾಗದವಿಲ್ಲದೆ ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಬ್ಯಾಂಡಿನ ಹಳೆಯ ಹಾಡುಗಳ ಬಾಲಗಳೇ ಒಂದಾದ ಮೇಲೊಂದು ಬಂದವು. ಅತ್ತೆ ಅದಕ್ಕೆ ಗಡಿಯಾರದಂತೆ ಟಿಕ್ ಟಿಕ್ ಎಂದು ತಟ್ಟುತ್ತಾ ಕೂತಳು. ಎರಡನೆಯದು ಇನ್ನೂ ಕೆಟ್ಟಿತು. ಅಪ್ಪ ಕೋಣೆಯ ಸೆಕೆಯನ್ನು ಬೈದ, ರೀಡನ್ನು ಬೈದ, ಕುರ್ಚಿಯನ್ನು ಬೈದ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಅತ್ತೆ. ಅಪ್ಪನ ಕೆಳತುಟಿಯಲ್ಲಿ ರಕ್ತ ಕಾಣಿಸಿಕೊಂಡಿತ್ತು. ಅಲುಗಾಡುವ ಹಲ್ಲು ನೋಯುತ್ತದೆಂದು ಅವನು ಹೇಳಲಿಲ್ಲ, ಕಣ್ಣಂಚಿನ ನೀರು ಹೇಳಿತು. ಇನ್ನೊಂದು ಸಲ, ಅದಕ್ಕಿಂತ ಹೆಚ್ಚು ಅವನಿಂದಾಗದು ಎಂದು ನಮಗೆಲ್ಲ ಗೊತ್ತಾಯಿತು.

ರೆಕಾರ್ಡಿಂಗಿನವನು ಪಾಪ, ಸಮಾಧಾನಕ್ಕೆಂದು ಟೀ ಮಾಡಿದ. ನನಗೂ ಅಪ್ಪನಿಗೂ ಗಾಜಿನ ಲೋಟದಲ್ಲಿ ಕೊಟ್ಟ. ಅತ್ತೆ ಮುಖ ತೊಳೆಯಲು ಹೊರಗೆ ಹೋಗಿದ್ದಳು. ಮೂರನೇ ಲೋಟ ಇರಲಿಲ್ಲವೋ ಏನೋ, ಮೇಜಿನ ಮೇಲೆ ಕಪ್ಪಿದೆಯಲ್ಲ ಎಂದು ಅತ್ತೆಯ ನೀಲಿ ಕಪ್ಪಿಗೇ ಕುದಿಯುವ ಟೀ ಸುರಿದ. ನಾನು "ಅಯ್ಯೋ" ಅನ್ನುವುದರೊಳಗೆ ಆಗಿಹೋಗಿತ್ತು. ಒಳಗೆ ಬಂದ ಅತ್ತೆ ನೋಡಿದಳು. ಪರರ ಮನೆಯ ಟೀಯಲ್ಲವೇ, ಕುಡಿದು, ಕಪ್ಪು ತೊಳೆದು ಒರೆಸಿ ಜಾಗಕ್ಕಿಟ್ಟಳು. ಜೀವಮಾನದಲ್ಲಿ ಒಮ್ಮೆ ತಟ್ಟದೆ ಇಟ್ಟಳು, ಅವಸರಕ್ಕೆ.

ಮೂರನೆಯದು ಶುರುವಾಯಿತು. ಅಪ್ಪ ಮತ್ತೆ ಅದೇ ಹಳೆಯ ಬಾಲ ಹಿಡಿದ. ಅತ್ತೆ ಬಟ್ಟಲುಗಳ ಮೇಲೆ ಕಡ್ಡಿ ಆಡಿಸುತ್ತಾ ಬಂದು ನೀಲಿ ಕಪ್ಪನ್ನು ಎಡಗೈಯಲ್ಲಿ ಎತ್ತಿ ತಟ್ಟಿದಳು.

ಟಪ್.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅತ್ತೆಯ ಮುಖಕ್ಕೆ ಇನ್ನೂ ಏನೂ ಗೊತ್ತಿರಲಿಲ್ಲ, ಎಡಗೈ ಮಾತ್ರ ಬೀಸಿ ಎಸೆದಾಗಿತ್ತು. ಕಪ್ಪು ಪೇಂಟಿನ ಡಬ್ಬದೊಳಗೆ ಬಿದ್ದು ಚೂರುಚೂರಾಯಿತು. ಆ ಸತ್ತ ಕೋಣೆಯಲ್ಲಿ ಆ ಸದ್ದು ಎದೆಗೆ ಗುದ್ದಿದಂತೆ ಬಂತು. ಅನಂತರ ಅತ್ತೆ ತನ್ನ ಖಾಲಿ ಕೈ ನೋಡಿಕೊಂಡಳು. ಎಸೆದದ್ದು ಯಾವುದೆಂದು ಆಗ ಗೊತ್ತಾಯಿತು. ಅವಳ ಬಾಯಿ ತೆರೆದುಕೊಂಡಿತು. ರೆಕಾರ್ಡಿಂಗಿನವನು ಯಂತ್ರ ನಿಲ್ಲಿಸಲು ಕೈ ಚಾಚಿದ.

ಆದರೆ ಅಪ್ಪ ನಿಲ್ಲಿಸಲಿಲ್ಲ. ಬ್ಯಾಂಡಿನವರಿಗೆ ಮೊದಲ ದಿನ ಕಲಿಸುವ ಪಾಠವೇ ಅದು: ಕುದುರೆ ಬೆದರಲಿ, ಪಕ್ಕದವನು ಬಿಸಿಲಿಗೆ ಬವಳಿ ಬಂದು ಬೀಳಲಿ, ಊದುವುದನ್ನು ನಿಲ್ಲಿಸಬಾರದು. ನಿಲ್ಲಿಸಲಿಲ್ಲ ನಿಜ, ಆದರೆ ಊದುತ್ತಿದ್ದ ಹಾಡು ಅವನಿಗೆ ಮರೆತೇ ಹೋಗಿತ್ತು. ಕ್ಲಾರಿನೆಟ್ಟಿನ ತಳದಲ್ಲಿರುವ ಅತಿ ಕೆಳಗಿನ ಸ್ವರ ಹಿಡಿದು, ಅಕ್ಕನ ಮುಖವನ್ನೇ ನೋಡುತ್ತಾ, ಅದನ್ನು ಬಿಡದೆ ಎಳೆದ. ಉಸಿರು ಮುಗಿಯಿತು, ಮತ್ತೆ ಎಳೆದ. ಆ ದನಿಯನ್ನು ಮೂವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅಕ್ಕಾ, ಹೋಗಲಿ ಬಿಡು ಎಂದು ಹೇಳಲು ಬಾರದ ಗಂಡಸು ಅದನ್ನು ಊದಿ ಹೇಳುತ್ತಿದ್ದ.

ಅತ್ತೆ ಬಗ್ಗಿ ಡಬ್ಬಕ್ಕೆ ಕೈ ಹಾಕಿದಳು. ಚೂರುಗಳನ್ನು ಮೆಲ್ಲಗೆ ಕದಡಿದಳು. ಅದರ ಸದ್ದು ಗುಲಗಂಜಿ ಅಲ್ಲಾಡಿಸಿದ ಹಾಗಿತ್ತು. ಅಪ್ಪ ಅದಕ್ಕೆ ಮೇಲಿನಿಂದ ಸಣ್ಣಸಣ್ಣ ತುಂಡು ಸ್ವರಗಳನ್ನು ಉದುರಿಸಿದ. ಅತ್ತೆ ಫ್ಲಶ್ ಟ್ಯಾಂಕಿನ ಮುಚ್ಚಳಕ್ಕೆ ಒಂದು ಬಿಟ್ಟಳು. ಅಪ್ಪ ಹೆದರಿದವನಂತೆ ಕಿರುಚಿದ. ಅತ್ತೆಗೆ ನಗು ಬಂತು. ಆ ನಗುವೂ ಅದರಲ್ಲಿದೆ. ಆಮೇಲೆ ಯಾರು ಯಾರನ್ನು ಕರೆದರು, ಯಾರು ಓಗೊಟ್ಟರು ಎಂದು ಹೇಳಲು ನನಗೆ ಬರುವುದಿಲ್ಲ. ಒಂದು ಕಡೆ ಜಗಳವಿತ್ತು, ಒಂದು ಕಡೆ ಸುಮ್ಮನೆ ಕೂತಿದ್ದೂ ಇತ್ತು. ಮುಗಿದಾಗ ಹನ್ನೊಂದು ನಿಮಿಷವಾಗಿತ್ತು. ಅತ್ತೆಯ ಬೆರಳು ಕೊಯ್ದಿತ್ತು, ಅಪ್ಪನ ಗಲ್ಲದ ಮೇಲೆ ರಕ್ತ ಇಳಿದಿತ್ತು. ರೆಕಾರ್ಡಿಂಗಿನವನು ಹತ್ತಿ ತಂದುಕೊಟ್ಟು, ಕಪ್ಪಿಗಾಗಿ ಹತ್ತು ಸಲ ತಪ್ಪಾಯಿತು ಎಂದ. "ಬಿಡಪ್ಪ, ಎಷ್ಟು ಸಲ ಹೇಳ್ತೀಯ" ಎಂದಳು ಅತ್ತೆ.

ಅವನು ಅಲ್ಲೇ ಒಮ್ಮೆ ಹಾಕಿ ಕೇಳಿಸಿದ. ಅಪ್ಪ ಅಕ್ಕನ ಮುಖ ನೋಡಲೂ ಹೆದರಿ ನೆಲ ನೋಡುತ್ತಾ ಕೂತಿದ್ದ. ಮುಗಿದ ಮೇಲೆ ಅತ್ತೆ, "ಕೇಳಿಸ್ತೀಯ ಕಣೋ. ಉದ್ದಕ್ಕೂ ಕೇಳಿಸ್ತೀಯ" ಎಂದಳು. ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಂಗಳವಾರ ಬಂತು. ಹಲ್ಲು ಹೋಯಿತು. ಗಾಯ ಮಾಗಿ ಹೊಸ ಹಲ್ಲು ಕೂರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ರೆಕಾರ್ಡು ಹೊರಬಂದು, ಎಲ್ಲೆಲ್ಲಿಂದಲೋ ನೂರಾರು ಜನ ಕೇಳಿದರಂತೆ. ಒಬ್ಬರು ಕಪ್ಪು ಒಡೆಯುವ ಜಾಗವನ್ನು ಹೇಗೆ ಯೋಚಿಸಿದಿರಿ ಎಂದು ಕಾಗದ ಬರೆದು ಕೇಳಿದ್ದರು. ಅಪ್ಪ ಓದಿ ನಕ್ಕು ಪಕ್ಕಕ್ಕಿಟ್ಟ. ಆ ರೆಕಾರ್ಡನ್ನು ಮಾತ್ರ ಮನೆಯಲ್ಲಿ ಹಾಕಬೇಡಿ ಎಂದ.

ಹೊಸ ಹಲ್ಲು ಬಂದ ಮೂರನೇ ದಿನ, ಬೆಳಗಿನ ತಿಂಡಿಯಾದ ಮೇಲೆ, ಅಪ್ಪ ಕ್ಲಾರಿನೆಟ್ಟನ್ನು ಜೋಡಿಸಿ ಬಾಯಿಗಿಟ್ಟ. ಬರೀ ಗಾಳಿ ಬಂತು. ಹಲ್ಲಿನ ಸೆಟ್ಟು ಜಾರಿ ಕಟಕಟ ಎಂದಿತು. ಮತ್ತೆ ಊದಿದ. ಬಾತುಕೋಳಿಯ ಕುತ್ತಿಗೆ ಹಿಚುಕಿದಂಥ ಒಂದು ಸದ್ದು ಬಂದು ನಡುವೆಯೇ ಎರಡಾಗಿ ಸೀಳಿಹೋಯಿತು. ಅಪ್ಪ ಅದನ್ನು ತೊಡೆಯ ಮೇಲಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಒದ್ದೆ ಕೈಯಲ್ಲಿ ನಿಂತಿದ್ದಳು.

"ಕೇಳ್ಸಿತಲ್ಲ ಅಕ್ಕ. ಸೀಳಿದೆ. ನಿನ್ನ ಕಿವಿಗೆ ಬೇರೆ ಹೇಳ್ಬೇಕಾ? ನನ್ನನ್ನೂ ಆ ಡಬ್ಬಕ್ಕೆ ಹಾಕು."

ನಾನು ಏನಾದರೂ ಒಂದು ಸಮಾಧಾನದ ಸುಳ್ಳು ಹೇಳಲು ಬಾಯಿ ತೆರೆದೆ. ಅತ್ತೆ ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿದಳು. ಬಂದು ಅಪ್ಪನ ಎದುರಿಗೆ ಕುರ್ಚಿ ಎಳೆದು ಕೂತಳು.

"ಸೀಳಿದೆ. ಇಲ್ಲ ಅನ್ನಲ್ಲ" ಎಂದಳು. "ಮೂವತ್ತೊಂದು ವರ್ಷ ಎಸ್ದಿದ್ದೀನಿ ಕಣೋ. ಎಷ್ಟು ಸಲ ಅನ್ಸಿದೆ ಗೊತ್ತಾ, ತಡಿ, ಇದನ್ನ ಇನ್ನೊಂದ್ಸಲ ತಟ್ಟಿ ಕೇಳೋಣ, ಇದರ ದನಿ ಏನೋ ಬೇರೆ ಥರ ಇದೆ ಅಂತ. ಬಿಡ್ತಿರಲಿಲ್ಲ ಅವರು. ಒಂದೇ ಸಲ ತಟ್ಟಬೇಕು. ಮೇಜಿನ ಮೇಲೆ ಇನ್ನೂ ಸಾವಿರ ಕಾಯ್ತಿರೋದು. ಒಂದನ್ನೂ, ಒಂದೇ ಒಂದನ್ನೂ ನಾನು ಎರಡನೇ ಸಲ ಕೇಳಿಲ್ಲ."

ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಈಗ ನನಗೆ ಯಾವ ಅವಸರಾನೂ ಇಲ್ಲ" ಎಂದಳು. "ಮಧ್ಯಾಹ್ನದ ಅಡುಗೆ ಅವಳು ಮಾಡ್ತಾಳೆ. ಊದು, ಇನ್ನೊಂದ್ಸಲ ಕೇಳ್ತೀನಿ."

ಅಡುಗೆ ಮಾಡುತ್ತೀಯಾ ಎಂದು ನನ್ನನ್ನು ಯಾರು ಕೇಳಿದ್ದರು? ಭಾನುವಾರ ಬೇರೆ. ಆದರೂ ಎದ್ದು ಒಲೆ ಹಚ್ಚಿದೆ. ಹಿಂದಿನಿಂದ ಅಪ್ಪ ಊದಿದ. ಮತ್ತೆ ಅದೇ ಸೀಳು ದನಿ. ಈ ಸಲ ಅವನು ಅದನ್ನು ಬಿಡಲಿಲ್ಲ, ಸೀಳಿದ ಎರಡೂ ಎಳೆಗಳನ್ನು ಹಿಡಿದು ಉಸಿರು ಇರುವವರೆಗೂ ಎಳೆದ.

"ಹೂಂ" ಎಂದಳು ಅತ್ತೆ. "ಇನ್ನೊಂದ್ಸಲ."